ಫ್ರಾನ್ಸ್‌ನಲ್ಲಿ ಗುದ್ದಿದ ಕಾರು, ಜರ್ಮನಿಯಲ್ಲೇ ಮುಗಿದ ಕ್ಲೈಮ್

ನಾನಿರುವುದು ಜರ್ಮನಿಯಲ್ಲಿ. ಕಾರೂ ಅಲ್ಲಿಯದೇ, ಇನ್ಶೂರೆನ್ಸೂ ಅಲ್ಲಿಯದೇ. ಗುದ್ದಿದ್ದು ಫ್ರಾನ್ಸ್‌ನ ಕಾರು, ಅದೂ ಫ್ರಾನ್ಸ್‌ನಲ್ಲಿ, ಕೋಲ್ಮಾರ್ ಕಡೆಯ ಒಂದು ರೌಂಡಬೌಟ್‌ನಲ್ಲಿ. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕಾರಿನ ಬಲಗಡೆ ಹಿಂದಿನ ಬಾಗಿಲು ತಗ್ಗಾಗಿತ್ತು, ಚಕ್ರದ ಮೇಲಿನ ತಗಡು ಒಳಕ್ಕೆ ಬಾಗಿ ಟೈರಿಗೆ ಉಜ್ಜುತ್ತಿತ್ತು.

ಇಂಥ ಕ್ಲೈಮ್ ಅಂದರೆ ಫ್ರೆಂಚ್ ಕಂಪನಿಗೆ ಫ್ರೆಂಚ್‌ನಲ್ಲಿ ಪತ್ರ ಬರೆದು ವರ್ಷಗಟ್ಟಲೆ ಕಾಯುವ ಕೆಲಸ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಆ ಭಯಕ್ಕೇ ತಮ್ಮ ಫುಲ್ ಕಾಸ್ಕೊ (ಸ್ವಂತ ಕಾರಿನ ಹಾನಿಗೂ ಕೊಡುವ) ಪಾಲಿಸಿಯಲ್ಲಿ ರಿಪೇರಿ ಮಾಡಿಸಿಕೊಂಡು, ಮುಂದಿನ ವರ್ಷ ಪ್ರೀಮಿಯಂ ಏರಿದಾಗ ಗೊಣಗುತ್ತಾರೆ. ನನ್ನ ಪತ್ರವ್ಯವಹಾರ ಪೂರ್ತಿ ಜರ್ಮನಿಯೊಳಗೇ, ಜರ್ಮನ್ ಭಾಷೆಯಲ್ಲೇ ನಡೆಯಿತು. ಆದರೆ ಅದು ನಿಂತಿದ್ದು ರಸ್ತೆ ಬದಿಯಲ್ಲಿ ತುಂಬಿದ ಒಂದು ಹಾಳೆಯ ಮೇಲೆ. ಹಾಗಾಗಿ ಆ ಹಾಳೆಯ ವಿಷಯವನ್ನೇ ಜಾಸ್ತಿ ಹೇಳುತ್ತೇನೆ.

ಫ್ರಾನ್ಸ್‌ನಲ್ಲಿ ಬರೀ ಗಾಡಿಗಳು ಜಖಂ ಆಗಿದ್ದರೆ ಪೊಲೀಸರು ಸಾಮಾನ್ಯವಾಗಿ ಬರುವುದಿಲ್ಲ. ಯಾರಿಗಾದರೂ ಗಾಯವಾಗಿದ್ದರೆ, ಎದುರಿನವರು ಕುಡಿದಿದ್ದರೆ, ಗುದ್ದಿ ಓಡಿಹೋದರೆ 112ಕ್ಕೆ ಫೋನ್ ಮಾಡಲೇಬೇಕು. ಅದಿಲ್ಲದಿದ್ದರೆ ಪಂಚನಾಮೆ ಬರೆಯುವವರು ನಾವಿಬ್ಬರೇ. ಹಳದಿ ಜಾಕೆಟ್ ಹಾಕಿಕೊಂಡು, ಎಚ್ಚರಿಕೆಯ ತ್ರಿಕೋನ ಇಟ್ಟು (ಎರಡೂ ಅಲ್ಲಿ ಕಡ್ಡಾಯ), ಗಾಡಿಗಳನ್ನು ಸರಿಸುವ ಮೊದಲು ಫೋಟೊ ತೆಗೆದೆ. ಡೆಂಟ್ ಫೋಟೊ ಎಲ್ಲರೂ ತೆಗೆಯುತ್ತಾರೆ. ನಾನು ದೂರ ಹೋಗಿ ನಿಂತು ಇಡೀ ರೌಂಡಬೌಟ್, ಎದುರಿನ ಕಾರು ಬಂದ ರಸ್ತೆ, ಆ ರಸ್ತೆಯ ಬಾಯಲ್ಲಿದ್ದ ‘ದಾರಿ ಬಿಡಿ’ ಎಂಬ ತಲೆಕೆಳಗಾದ ತ್ರಿಕೋನದ ಬೋರ್ಡು, ನೆಲದ ಮೇಲಿನ ತುಂಡು ಗೆರೆ, ಎಲ್ಲವನ್ನೂ ತೆಗೆದೆ. ಆಮೇಲೆ ಕೆಲಸಕ್ಕೆ ಬಂದಿದ್ದು ಬೋರ್ಡಿನ ಫೋಟೊನೇ.

ಇನ್ನು ಆ ಹಾಳೆ. ಯುರೋಪಿಯನ್ ಆಕ್ಸಿಡೆಂಟ್ ಸ್ಟೇಟ್‌ಮೆಂಟ್ ಅಂತ ಹೆಸರು. ಫ್ರೆಂಚರು ಕೊನ್‌ಸ್ತಾ ಅನ್ನುತ್ತಾರೆ. ಎಡಗಡೆ ನೀಲಿ ಭಾಗ ಎ ಗಾಡಿಗೆ, ಬಲಗಡೆ ಹಳದಿ ಭಾಗ ಬಿ ಗಾಡಿಗೆ. ನನ್ನದು ಎ, ಎದುರಿನವರದು ಬಿ. ಇದರ ದೊಡ್ಡ ಅನುಕೂಲ ಏನೆಂದರೆ, ಯಾವ ಭಾಷೆಯಲ್ಲಿ ಅಚ್ಚಾಗಿದ್ದರೂ ಕಾಲಂಗಳ ನಂಬರು ಅದೇ. ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಜರ್ಮನ್ ಪ್ರತಿ ಇತ್ತು, ಅವರ ಹತ್ತಿರ ಫ್ರೆಂಚ್ ಪ್ರತಿ. ಅವರ ಹಾಳೆಯನ್ನೇ ತುಂಬುವುದು ಅಂತಾಯಿತು. ನನ್ನದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿ ನೋಡಿದೆ. ಇಬ್ಬರೂ ಸಹಿ ಹಾಕುವುದು ಒಂದೇ ಸೆಟ್‌ಗೆ. ಕೆಳಗೆ ಕಾರ್ಬನ್ ಪ್ರತಿ ಇರುತ್ತದೆ, ಸಹಿ ಆದ ಮೇಲೆ ಬೇರೆ ಮಾಡಿ ಒಂದೊಂದು ಇಟ್ಟುಕೊಳ್ಳಬೇಕು. ಆಮೇಲೆ ಒಂದು ಅಕ್ಷರ ಸೇರಿಸುವ ಹಾಗಿಲ್ಲ.

12ನೇ ಕಾಲಂನಲ್ಲಿ ಅಪಘಾತ ಆದಾಗ ಯಾರು ಏನು ಮಾಡುತ್ತಿದ್ದರು ಅನ್ನುವುದಕ್ಕೆ 17 ಸಾಲುಗಳಿವೆ, ತಮಗೆ ಹೊಂದುವುದಕ್ಕೆ ಟಿಕ್ ಹಾಕಬೇಕು. ಕ್ಲೈಮ್ ಗೆಲ್ಲುವುದೂ ಸೋಲುವುದೂ ಇಲ್ಲೇ. 6ನೇ ಸಾಲು: ರೌಂಡಬೌಟ್ ಒಳಗೆ ಪ್ರವೇಶಿಸುತ್ತಿದ್ದೆ. 7ನೇದು: ರೌಂಡಬೌಟ್‌ನಲ್ಲಿ ಸಾಗುತ್ತಿದ್ದೆ. ನಾನು 7ಕ್ಕೆ ಹಾಕಿದೆ, ಅವರು 6ಕ್ಕೆ ಹಾಕಿದರು. ಅಲ್ಲಿಗೆ ಸರಿ. ಆಮೇಲೆ ಅವರ ಪೆನ್ನು 16ನೇ ಸಾಲಿಗೆ ಹೋಯಿತು: ಬಲಗಡೆಯಿಂದ ಬರುತ್ತಿದ್ದೆ. ಸುಳ್ಳೇನಲ್ಲ, ಅವರು ಬಂದಿದ್ದು ಬಲಗಡೆಯಿಂದಲೇ. ಆದರೆ ಫ್ರಾನ್ಸ್‌ನಲ್ಲಿ ಬೋರ್ಡು ಇಲ್ಲದ ಕಡೆ ಬಲಗಡೆಯಿಂದ ಬಂದವರಿಗೇ ಮೊದಲ ಹಕ್ಕು. ಪ್ಯಾರಿಸ್‌ನ ಆರ್ಕ್ ದ ಟ್ರಿಯೋಂಫ್ ಸುತ್ತಲಿನ ವೃತ್ತದಲ್ಲೂ ಒಳಗೆ ನುಗ್ಗುವವರಿಗೇ ದಾರಿ ಬಿಡಬೇಕು. ಹಾಗಾಗಿ ಆ ಒಂದು ಟಿಕ್ ಓದಿದವರಿಗೆ ತಪ್ಪು ನನ್ನದು ಅನ್ನಿಸಿಬಿಡುತ್ತದೆ. ನಾವಿದ್ದ ರೌಂಡಬೌಟ್‌ನಲ್ಲಿ ಬೋರ್ಡು ಇತ್ತು, ಅಂದರೆ ಹಕ್ಕು ಒಳಗಿದ್ದವರದು.

ನಾನು ಬೋರ್ಡಿನ ಕಡೆ ಕೈ ತೋರಿಸಿ 17ನೇ ಸಾಲಿನ ಮೇಲೆ ಬೆರಳಿಟ್ಟೆ: ಆದ್ಯತೆಯ ಚಿಹ್ನೆಯನ್ನು ಪಾಲಿಸಲಿಲ್ಲ. ಎದುರಿನ ಕಾರಿನ ಆ ಹಿರಿಯರು ಹೌದೆಂದು ತಲೆಯಾಡಿಸಿದರು, ಆದರೆ ಟಿಕ್ ಹಾಕಲಿಲ್ಲ. ಯಾರು ತಾನೇ ಹಾಕುತ್ತಾರೆ? ಜಗಳ ಮಾಡಲಿಲ್ಲ. 13ನೇ ಕಾಲಂನಲ್ಲಿ ಚಿತ್ರ ಬರೆಯಲು ಜಾಗ ಇರುತ್ತದೆ. ಅಲ್ಲಿ ರೌಂಡಬೌಟ್, ಎರಡು ಕಾರು, ಬಾಣದ ಗುರುತು, ರಸ್ತೆಗಳ ಹೆಸರು, ಜೊತೆಗೆ ಆ ತ್ರಿಕೋನದ ಬೋರ್ಡನ್ನು ದೊಡ್ಡದಾಗಿ ಬರೆದೆ. 14ನೇ ಕಾಲಂ ನಮ್ಮ ಮಾತಿಗೆ. ಅಲ್ಲಿ ಜರ್ಮನ್‌ನಲ್ಲಿ ಒಂದೇ ಸಾಲು: ‘ದಾರಿ ಬಿಡಿ’ ಬೋರ್ಡು ಇದ್ದದ್ದು ಬಿ ಗಾಡಿಯ ದಾರಿಯಲ್ಲಿ. ಚಿತ್ರ ನೋಡಿ ಅವರೂ ಸಹಿ ಹಾಕಿದರು. 12ರ ಕೊನೆಯಲ್ಲಿ ಎಷ್ಟು ಟಿಕ್ ಹಾಕಿದ್ದೀರಿ ಅಂತ ಬರೆಯುವ ಪುಟ್ಟ ಚೌಕ ಇದೆ. ಅದನ್ನು ಖಾಲಿ ಬಿಡಬೇಡಿ. ಆಮೇಲೆ ಯಾರೂ ಇನ್ನೊಂದು ಟಿಕ್ ಸೇರಿಸದಂತೆ ಕಾಯುವುದು ಅದೇ.

ಎದುರಿನವರ ಇನ್ಶೂರೆನ್ಸ್ ಕಂಪನಿ ಯಾವುದು ಅಂತ ಮೊದಲೆಲ್ಲ ವಿಂಡ್‌ಶೀಲ್ಡ್ ಮೇಲಿನ ಹಸಿರು ಚೀಟಿ ನೋಡಿದರೆ ಗೊತ್ತಾಗುತ್ತಿತ್ತು. 2024ರ ಏಪ್ರಿಲ್ 1ರಿಂದ ಫ್ರಾನ್ಸ್‌ನಲ್ಲಿ ಆ ಚೀಟಿಯೇ ಇಲ್ಲ. ಕೇಳಿ ಬರೆದುಕೊಳ್ಳಬೇಕು. ನಂಬರ್ ಪ್ಲೇಟ್ ಫೋಟೊವಂತೂ ಇರಲೇಬೇಕು, ಮುಂದಿನ ಹುಡುಕಾಟ ಎಲ್ಲಾ ಅದರಿಂದಲೇ.

ಮನೆಗೆ ಬಂದ ಮೇಲೆ ಮೊದಲು ನನ್ನ ಕಂಪನಿಗೆ ಸುದ್ದಿ ಮುಟ್ಟಿಸಿದೆ. ದುಡ್ಡು ಕೇಳಲಿಕ್ಕಲ್ಲ. ಎದುರಿನವರೂ ನನ್ನ ಮೇಲೆ ಕ್ಲೈಮ್ ಹಾಕಬಹುದು, ಅಲ್ವಾ? ಆಮೇಲೆ ತ್ಸೆಂಟ್ರಾಲ್‌ರೂಫ್‌ಗೆ ಫೋನ್ ಮಾಡಿದೆ. ಇದು ಜರ್ಮನಿಯ ವಾಹನ ವಿಮೆಗಾರರ ಮಾಹಿತಿ ಕೇಂದ್ರ. ಫ್ರೆಂಚ್ ನಂಬರು, ಅಪಘಾತದ ತಾರೀಕು ಹೇಳಿದರೆ ಆ ಕಂಪನಿ ಯಾವುದು, ಜರ್ಮನಿಯಲ್ಲಿ ಅದರ ಪ್ರತಿನಿಧಿ ಯಾರು ಅಂತ ತಿಳಿಸುತ್ತಾರೆ. ಯುರೋಪಿಯನ್ ಒಕ್ಕೂಟದ 2000ನೇ ಇಸವಿಯ ನಿರ್ದೇಶನದ ಪ್ರಕಾರ (ಈಗ ಅದು 2009ರದ್ದರಲ್ಲಿ ಸೇರಿದೆ) ಪ್ರತಿ ಕಂಪನಿಯೂ ಒಕ್ಕೂಟದ ಉಳಿದ ಎಲ್ಲ ದೇಶಗಳಲ್ಲಿ ಕ್ಲೈಮ್ ಪ್ರತಿನಿಧಿ ಇಡಲೇಬೇಕು, ಮತ್ತು ಆ ಪ್ರತಿನಿಧಿ ನಾವು ವಾಸವಿರುವ ದೇಶದ ಭಾಷೆಯಲ್ಲೇ ವ್ಯವಹರಿಸಬೇಕು.

ಹಾಳೆಯ ಪ್ರತಿ, ಫೋಟೊಗಳು, ಗ್ಯಾರೇಜಿನ ಅಂದಾಜು ಪಟ್ಟಿ, ಇಷ್ಟು ಕಳಿಸಿದೆ. ನಾನಾಗಿಯೇ ಸರ್ವೇಯರ್‌ನನ್ನು ಕರೆಸಲಿಲ್ಲ. ನಿಮ್ಮವರು ಬಂದು ನೋಡುತ್ತೀರಾ, ಇಲ್ಲಾ ಅಂದಾಜು ಪಟ್ಟಿ ಸಾಕಾ ಅಂತ ಕೇಳಿದೆ. ಕಾರಣ ಇದೆ. ಪತ್ರ ಜರ್ಮನ್‌ನಲ್ಲಿ ಓಡಾಡಿದರೂ ಲೆಕ್ಕ ಹಾಕುವುದು ಅಪಘಾತ ನಡೆದ ದೇಶದ ಕಾನೂನಿನ ಪ್ರಕಾರ. ಜರ್ಮನಿಯೊಳಗೆ ಎದುರಿನವರದ್ದೇ ತಪ್ಪಾದರೆ ನಾವು ಕರೆಸಿದ ಸರ್ವೇಯರ್ ಫೀಜು, ವಕೀಲರ ಫೀಜು ಎರಡೂ ಸಾಮಾನ್ಯವಾಗಿ ಅವರ ಕಂಪನಿಯಿಂದ ಬರುತ್ತವೆ. ಫ್ರಾನ್ಸ್ ಲೆಕ್ಕದಲ್ಲಿ, ಕೋರ್ಟಿಗೆ ಹೋಗದೆ ಮುಗಿದರೆ ಅವು ಸಾಮಾನ್ಯವಾಗಿ ನಮ್ಮ ಜೇಬಿನಿಂದಲೇ. ವಕೀಲರ ಖರ್ಚು ಕೊಡುವ ಟ್ರಾಫಿಕ್ ಲೀಗಲ್ ಪಾಲಿಸಿ ಇದ್ದವರು ಬಚಾವ್.

ಪ್ರತಿನಿಧಿಯ ಮೊದಲ ಉತ್ತರ ನಾನು ಅಂದುಕೊಂಡಂತೆಯೇ ಬಂತು: ನಮ್ಮ ಗ್ರಾಹಕರು ಬಲಗಡೆಯಿಂದ ಬಂದಿದ್ದಾರೆ, ಅರ್ಧ ಕೊಡುತ್ತೇವೆ. ಬೋರ್ಡಿನ ಫೋಟೊ, 13ನೇ ಕಾಲಂ ಚಿತ್ರ, ಅದರ ಕೆಳಗೆ ಅವರದ್ದೇ ಗ್ರಾಹಕರ ಸಹಿ, ಮೂರನ್ನೂ ಒಂದೇ ಪುಟದಲ್ಲಿ ಹಾಕಿ ವಾಪಸ್ ಕಳಿಸಿದೆ. ಜೊತೆಗೆ ಎರಡು ಸಾಲು. ಮೊದಲನೆಯದು, ಕ್ಲೈಮ್ ಬಂದ 3 ತಿಂಗಳೊಳಗೆ ಕಾರಣ ಸಹಿತ ಉತ್ತರ ಕೊಡಬೇಕು, ಇಲ್ಲದಿದ್ದರೆ ನಾನು ಇಲ್ಲಿನ ಪರಿಹಾರ ಸಂಸ್ಥೆಗೆ ಹೋಗಬಹುದು. ಎರಡನೆಯದು, ಯುರೋಪಿಯನ್ ನ್ಯಾಯಾಲಯ 2007ರ ಡಿಸೆಂಬರ್‌ನಲ್ಲಿ ಓಡೆನ್‌ಬ್ರೈಟ್ ಪ್ರಕರಣದಲ್ಲಿ ಹೇಳಿದಂತೆ, ನಾನು ಆ ಕಂಪನಿಯ ಮೇಲೆ ನನ್ನೂರಿನ ಕೋರ್ಟಿನಲ್ಲೇ ದಾವೆ ಹೂಡಬಹುದು. ಬೆದರಿಕೆಯ ಧಾಟಿ ಬೇಕಿಲ್ಲ, ಸುಮ್ನೆ ಗೊತ್ತಿದೆ ಅಂತ ತೋರಿಸಿದರೆ ಸಾಕು. ಮುಂದಿನ ಪತ್ರದಲ್ಲಿ ರಿಪೇರಿಯ ಪೂರ್ತಿ ಹಣಕ್ಕೆ ಒಪ್ಪಿಗೆ ಬಂತು.

ಮೇಲೆ ಹೇಳಿದ್ದು ಬ್ರಿಟನ್‌ಗೆ ಅನ್ವಯಿಸುವುದಿಲ್ಲ. 2021ರ ಆರಂಭದಿಂದ ಅದು ಈ ವ್ಯವಸ್ಥೆಯ ಹೊರಗಿದೆ. ಅಲ್ಲಿ ಅಪಘಾತವಾದರೆ ಬ್ರಿಟಿಷ್ ಕಂಪನಿಯ ಜೊತೆ ನೇರವಾಗಿ, ಅಲ್ಲಿಯ ರೀತಿಯಲ್ಲೇ ವ್ಯವಹರಿಸಬೇಕು. ಆ ಕಡೆ ಕಾರು ತೆಗೆದುಕೊಂಡು ಹೋಗುವವರು ಜರ್ಮನ್ ಪಾಲಿಸಿಗೆ ‘ಔಸ್‌ಲಾಂಡ್ ಶಾಡೆನ್‌ಶುಟ್ಸ್’ ಸೇರಿಸಿಕೊಳ್ಳುವುದು ಒಳ್ಳೆಯದು. ತಪ್ಪು ಎದುರಿನವರದಾಗಿದ್ದರೆ ನಮ್ಮ ಕಂಪನಿಯೇ ಜರ್ಮನಿಯ ಲೆಕ್ಕದಲ್ಲಿ ಕೊಡುತ್ತದೆ, ನಮ್ಮ ನೋ-ಕ್ಲೈಮ್ ಬೋನಸ್‌ಗೂ ಧಕ್ಕೆ ಇಲ್ಲ. ಯಾವ ಯಾವ ದೇಶ ಸೇರಿದೆ ಅಂತ ಪಾಲಿಸಿಯಲ್ಲಿ ನೋಡಿಕೊಂಡು ಹೊರಡಿ.