ತೊಟ್ಟಿಲು ಬಿಡಿಸಿ ವಿಮಾನ ಹತ್ತಿದ್ದು

ನಮ್ಮ ಮನೆ ಬದಿಯಡ್ಕದ ಹತ್ತಿರ. ಗಂಡನಿಗೆ ಟೊರೊಂಟೊದಲ್ಲಿ ಕೆಲಸ. ನಮ್ಮ ಕಡೆಯವರಿಗೆ ಗಲ್ಫ್ ಅಂದರೆ ಕಾಸರಗೋಡು ಪೇಟೆಗೆ ಹೋಗಿ ಬಂದ ಹಾಗೆ. ಮಂಗಳೂರಲ್ಲಿ ಹತ್ತಿದರೆ ನಾಲ್ಕು ಗಂಟೆಯೊಳಗೆ ದುಬೈ, ಮಗು ಒಂದು ನಿದ್ದೆ ತೆಗೆದು ಏಳುವಾಗ ಇಳಿಯುವ ಹೊತ್ತಾಗಿರುತ್ತದೆ. ಹಾಗಾಗಿ ಮೊದಲ ಸಲ ಹತ್ತು ತಿಂಗಳ ಮಗನನ್ನು ಕರೆದುಕೊಂಡು ಹೊರಟಾಗ ಯಾರನ್ನು ಕೇಳಿದರೂ ಒಂದೇ ಉತ್ತರ: "ಎಂತ ಇಲ್ಲ ಮಾರಾಯ್ತಿ, ಮಲಗ್ತದೆ."

ಮಲಗಲಿಲ್ಲ.

ದುಬೈಯಿಂದ ಟೊರೊಂಟೊಗೆ ಸುಮಾರು 14 ಗಂಟೆ. ಗಂಡನೂ ಜೊತೆಗಿದ್ದರು. ಎದುರು ಗೋಡೆ ಇರುವ ಮೊದಲ ಸಾಲಿನ ಸೀಟು, ಗೋಡೆಗೆ ಸಿಕ್ಕಿಸುವ ಬ್ಯಾಸಿನೆಟ್ ಅಂದರೆ ಮಗುವನ್ನು ಮಲಗಿಸುವ ಸಣ್ಣ ಮಂಚ, ಎಲ್ಲ ಮೊದಲೇ ಹೇಳಿ ಇಟ್ಟಿದ್ದೆವು. ವಿಮಾನ ಮೇಲೆ ಹೋಗಿ ಬೆಲ್ಟ್ ದೀಪ ಆರಿದ ಮೇಲೆ ಅದನ್ನು ತಂದು ಸಿಕ್ಕಿಸಿಕೊಟ್ಟರು. ಮಗನನ್ನು ಮಲಗಿಸಿದೆ. ಅವನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಶುರುವಾಯಿತು ನೋಡಿ ಬೊಬ್ಬೆ! ನನಗೆ ಆಗ ಹೊಳೆಯಲಿಲ್ಲ. ಅವನು ಹುಟ್ಟಿದಾಗಿನಿಂದ ಮಲಗಿದ್ದು ಮಾಡಿನ (ಛಾವಣಿಯ) ಮರಕ್ಕೆ ಸ್ಪ್ರಿಂಗ್ ಹಾಕಿ ಕಟ್ಟಿದ ಸೀರೆ ತೊಟ್ಟಿಲಿನಲ್ಲಿ. ಬ್ಯಾಸಿನೆಟ್ ತೂಗುವುದಿಲ್ಲ. ಆ ಒಂದು ನಿಮಿಷ ಅವನು ಅದು ಯಾವಾಗ ತೂಗುತ್ತದೆ ಅಂತ ಕಾಯುತ್ತಿದ್ದ ಅಂತ ನನಗೆ ಈಗಲೂ ಅನಿಸುತ್ತದೆ. ಗಂಡ ಐದು ಗಂಟೆ ಅವನನ್ನು ಎರಡೂ ಕೈಯಲ್ಲಿ ತೂಗುತ್ತಾ ಟಾಯ್ಲೆಟ್ ಪಕ್ಕದ ಸ್ವಲ್ಪ ಜಾಗದಲ್ಲಿ ನಿಂತಿದ್ದರು.

ಎರಡನೇ ಸಲ ಗಂಡ ಮುಂಚೆಯೇ ಹೋಗಿ ಆಗಿತ್ತು. ಮೂರೂವರೆ ವರ್ಷದ ಅದೇ ಮಗ, ಒಂಬತ್ತು ತಿಂಗಳ ಮಗಳು, ಮತ್ತು ನಾನೊಬ್ಬಳೇ. ಈ ಸಲ ತಯಾರಿ ಪೆಟ್ಟಿಗೆಯಿಂದ ಅಲ್ಲ, ತೊಟ್ಟಿಲಿನಿಂದ ಶುರು ಮಾಡಿದೆ. ಹೊರಡಲು ಆರು ವಾರ ಇತ್ತು. ಮೊದಲ ವಾರ ಮಗಳನ್ನು ತೂಗುತ್ತಿದ್ದೆ, ಆದರೆ ಪೂರ್ತಿ ನಿದ್ದೆ ಹೋಗುವ ಮೊದಲೇ ತೂಗುವುದನ್ನು ನಿಲ್ಲಿಸುತ್ತಿದ್ದೆ. ಆಮೇಲೆ ತೂಗದೆ ಬರೀ ತಟ್ಟುವುದು. ಮೂರನೇ ವಾರ ತೊಟ್ಟಿಲು ಬಿಚ್ಚಿ ಅದೇ ಸೀರೆಯನ್ನು ಮಡಚಿ ಚಾಪೆಯ ಮೇಲೆ ಹಾಸಿ ಮಲಗಿಸಿದೆ. ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. "ಹೋಗುವಾಗ ಹೋಗ್ತದೆ, ಇಲ್ಲಿ ಇರುವಷ್ಟು ದಿನ ಪಾಪದ ಮಗು ಚಂದ ಮಲಗಲಿ" ಅಂತ ಅತ್ತೆ ಮುನಿಸಿಕೊಂಡರು. ನಾಲ್ಕನೇ ರಾತ್ರಿ ಕೈ ತಟ್ಟಿದ್ದಕ್ಕೇ ಮಲಗಿದಳು.

ಹೊರಡುವಾಗ ಆ ಸೀರೆಯಿಂದ ಒಂದು ಮಾರು ಕತ್ತರಿಸಿ ಇಟ್ಟುಕೊಂಡೆ, ಒಗೆಯಲಿಲ್ಲ. ಮನೆಯ ವಾಸನೆ, ಹಾಲಿನ ವಾಸನೆ, ಬೆವರು ಎಲ್ಲ ಇರಬೇಕು. ಬ್ಯಾಸಿನೆಟ್ಟಿನಲ್ಲಿ ಅದನ್ನು ಬಿಗಿಯಾಗಿ ಹಾಸಿ, ಅಂಚನ್ನು ಅಡಿಗೆ ಸಿಕ್ಕಿಸಿ ಮಲಗಿಸಿದೆ. ಒಂದೇ ಸಲಕ್ಕೆ ಮೂರು ಗಂಟೆ ಮಲಗಿದಳು! ನಡುವೆ ವಿಮಾನ ಅಲುಗಾಡಿ ಬೆಲ್ಟ್ ದೀಪ ಹೊತ್ತಿತು. ಆಗ ಮಗುವನ್ನು ಎತ್ತಿ ಮಡಿಲಲ್ಲಿ ಇಟ್ಟು ಮಕ್ಕಳ ಬೆಲ್ಟು ಹಾಕಲೇಬೇಕು, ಎಷ್ಟು ಗಾಢ ನಿದ್ದೆಯಾದರೂ. ಅವಳು ಸೀರೆ ತುಂಡಿನ ಸಮೇತ ಮಡಿಲಿಗೆ ಬಂದು ಮುಂದುವರಿಸಿದಳು.

ಬ್ಯಾಸಿನೆಟ್ ಟಿಕೆಟಿನ ಜೊತೆ ತಾನಾಗಿ ಬರುವುದಿಲ್ಲ, ಫೋನು ಮಾಡಿ ಕೇಳಬೇಕು, ಮತ್ತೆ ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಕೇಳಬೇಕು. ತೂಕದ ಮಿತಿ ಒಂದೊಂದು ಕಂಪನಿಗೆ ಒಂದೊಂದು, ಸುಮಾರು 10-11 ಕಿಲೋ. ಈ ಸಲ ಕೌಂಟರಿನಲ್ಲಿ "ನಿಮ್ಮ ಹೆಸರಲ್ಲಿ ಇಲ್ಲ" ಅಂದರು. ಅವರೇ ಕಳಿಸಿದ ಮೇಲ್ ಪ್ರಿಂಟ್ ತೆಗೆದು ಇಟ್ಟಿದ್ದೆ, ತೋರಿಸಿದ ಮೇಲೆ ಸಿಕ್ಕಿತು. ಆ ಮೊದಲ ಸಾಲಿಗೆ ಒಂದು ಕೊರತೆ ಉಂಟು, ಅದು ಯಾರೂ ಹೇಳುವುದಿಲ್ಲ. ಮುಂದೆ ಸೀಟು ಇಲ್ಲದ ಕಾರಣ ಚೀಲ ಇಡಲು ಜಾಗ ಇಲ್ಲ, ಏರುವಾಗ ಇಳಿಯುವಾಗ ಎಲ್ಲ ಮೇಲೆ ಹೋಗುತ್ತದೆ. ಮೊದಲ ಸಲ ಇಳಿಯುವ ಹೊತ್ತಿಗೆ ಹಾಲಿನ ಬಾಟಲಿ ಮೇಲೆ, ನಾನು ಕೆಳಗೆ ಬೆಲ್ಟಿನಲ್ಲಿ, ಮಗನ ಕಿವಿ ನೋವು ಜೋರು. ಈ ಸಲ ಒಂದು ತೊಟ್ಟೆಯಲ್ಲಿ ಬಾಟಲಿ, ಎರಡು ಡಯಾಪರ್, ಒಂದು ಅಂಗಿ ಹಾಕಿ ಪಕ್ಕದಲ್ಲೇ ಸಿಕ್ಕಿಸಿಕೊಂಡಿದ್ದೆ.

ಕಿವಿಯ ವಿಷಯ ಬಂತು ಅಂತ ಹೇಳುತ್ತೇನೆ. ಎಲ್ಲರೂ ಏರುವಾಗ ಹಾಲು ಕೊಡಿ ಅನ್ನುತ್ತಾರೆ. ನಿಜವಾದ ತೊಂದರೆ ಇಳಿಯುವಾಗ ಜಾಸ್ತಿ. ಒಳಗಿನ ಗಾಳಿಯ ಒತ್ತಡ ಪುನಃ ಏರುತ್ತದೆ, ಮಕ್ಕಳ ಕಿವಿಯಿಂದ ಗಂಟಲಿಗೆ ಇರುವ ಸಣ್ಣ ನಾಳ ಬೇಗ ತೆರೆಯುವುದಿಲ್ಲ, ನುಂಗಿದರೆ ತೆರೆಯುತ್ತದೆ. ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ಇಳಿಯುವುದು ಶುರು. ಹಾಗಾಗಿ ಕೊನೆಯ ಎರಡು ಗಂಟೆ ಮಗಳ ಹೊಟ್ಟೆ ತುಂಬಿಸಲಿಲ್ಲ, ಕೆಳಗೆ ಬರಲು ಶುರುವಾದ ಮೇಲೆ ಮಲಗಿದ್ದವಳನ್ನೂ ಎಬ್ಬಿಸಿ ಎದೆಗೆ ಹಾಕಿಕೊಂಡೆ. ಮಗನಿಗೆ ಸ್ಟ್ರಾ ಹಾಕಿ ನೀರು, ಗುಟುಕು ಗುಟುಕಾಗಿ.

ಊಟಕ್ಕೆ ಒಣಗಿಸಿದ ನೇಂದ್ರ ಬಾಳೆಕಾಯಿಯ ಹುಡಿ. ದಾರಿಯಲ್ಲಿ ಮಣ್ಣಿ (ಆ ಹುಡಿಯ ಗಂಜಿ) ಮಾಡುವ ಕಷ್ಟ ಬೇಡ ಅಂತ ಮನೆಯಲ್ಲೇ ಬೇಯಿಸಿ ಸಣ್ಣ ಫ್ಲಾಸ್ಕಿನಲ್ಲಿ ಹಾಕಿದ್ದೆ, ಈ ಸಲ ಬೆಂಗಳೂರಿನ ದಾರಿಯಾಗಿ ಹೋದದ್ದು, ಅಲ್ಲಿಯವರೆಗೆ ಅದು ಸಾಕಾಯಿತು. ಮುಂದಕ್ಕೆ ಅವಲಕ್ಕಿ ಹುರಿದು ಹುಡಿ ಮಾಡಿದ್ದು, ಬಿಸಿ ನೀರು ಕೇಳಿ ಕಲಸಿದರೆ ಆಯಿತು. ಕೈಚೀಲದಲ್ಲಿ ದ್ರವ 100 ಮಿಲಿಗಿಂತ ಜಾಸ್ತಿ ಇರಬಾರದು ಅನ್ನುವ ಲೆಕ್ಕ ಮಗುವಿನ ಹಾಲು, ಆಹಾರಕ್ಕೆ ಇಲ್ಲ, ಆದರೆ ಸೆಕ್ಯೂರಿಟಿಯಲ್ಲಿ ನಾವೇ ತೆಗೆದು ತೋರಿಸಬೇಕು. ಮಗಳು ವಾಂತಿ ಮಾಡಿದ್ದು ವಿಮಾನದಲ್ಲಿ ಅಲ್ಲ, ಹೆದ್ದಾರಿ ಕೆಲಸದ ಹೊಂಡಗಳಲ್ಲಿ, ಕುಂಬಳೆ ದಾಟಿದ ಮೇಲೆ. ನನ್ನ ಬಟ್ಟೆಯೂ ಚಂಡಿ! ಅವಳದ್ದು ನಾಲ್ಕು ಜೊತೆ ಇತ್ತು, ನನ್ನದು ಒಂದೂ ಕೈಗೆ ಸಿಗುವಲ್ಲಿ ಇರಲಿಲ್ಲ. ತಾಯಿಗೂ ಒಂದು ಜೊತೆ ಕೈಚೀಲದಲ್ಲಿ ಇರಲಿ.

ಟಾಯ್ಲೆಟ್ಟಿಗೆ ಹೋಗುವುದು ದೊಡ್ಡ ರಗಳೆ. ಮಗಳನ್ನು ಎದೆಗೆ ಕಟ್ಟಿಕೊಂಡು, ಮಗನನ್ನು ಕೈ ಹಿಡಿದು, ಮೂವರೂ ಆ ಗೂಡಿನೊಳಗೆ. ಡಯಾಪರ್ ಬದಲಿಸುವ ಮಡಚುವ ಹಲಗೆ ಎಲ್ಲ ಟಾಯ್ಲೆಟ್ಟಿನಲ್ಲಿ ಇರುವುದಿಲ್ಲ, ಯಾವುದರಲ್ಲಿ ಉಂಟು ಅಂತ ಹತ್ತಿದ ಕೂಡಲೇ ಕೇಳಿಕೊಂಡೆ.

ಕೆಮ್ಮಿನ ಸಿರಪ್ಪು ಒಂದು ಚಮಚ ಕೊಟ್ಟರೆ ಮಲಗುತ್ತದೆ ಅಂತ ಇಬ್ಬರು ಮೂವರು ಹೇಳಿದ್ದರು. ಮಕ್ಕಳ ಡಾಕ್ಟರು ಬೇಡವೇ ಬೇಡ ಅಂದರು, ಕೆಲವು ಮಕ್ಕಳಿಗೆ ಅದು ನಿದ್ದೆ ತರುವ ಬದಲು ಇನ್ನೂ ಹುಚ್ಚೆಬ್ಬಿಸುತ್ತದಂತೆ. ಅಲ್ಲಿಗೆ ಆ ಮಾತು ಬಿಟ್ಟೆ.

ಕಾಗದಪತ್ರದ್ದು ಸುಲಭ. ಪಯ್ಯನ್ನೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ನಾಲ್ಕು ವರ್ಷದೊಳಗಿನ ಮಕ್ಕಳ ಬಿಳಿ ಹಿನ್ನೆಲೆಯ ಫೋಟೊ ನಾವೇ ಒಯ್ಯಬೇಕು. ಪಾಸ್‌ಪೋರ್ಟ್ ಐದು ವರ್ಷಕ್ಕೆ ಮಾತ್ರ. ಎರಡು ವರ್ಷ ತುಂಬದವರಿಗೆ ಸೀಟಿಲ್ಲದೆ ಮಡಿಲಿನ ಟಿಕೆಟ್. ನಾನೊಬ್ಬಳೇ ಕರೆದುಕೊಂಡು ಹೋಗುವ ಕಾರಣ ಗಂಡನ ಸಹಿ ಇರುವ ಒಪ್ಪಿಗೆ ಪತ್ರ ಇಟ್ಟಿದ್ದೆ. ಟೊರೊಂಟೊದಲ್ಲಿ ಅದನ್ನೇ ಮೊದಲು ಕೇಳಿದರು.

ಇಲ್ಲಿಗೆ ಮುಟ್ಟಿ ಒಂದು ವಾರ ಇಬ್ಬರೂ ರಾತ್ರಿ ಎರಡಕ್ಕೆ ಎದ್ದು ಕುಳಿತರು. ಊರಲ್ಲಿ ಆಗ ಮಧ್ಯಾಹ್ನ, ಎಂತ ಮಾಡುವುದು. ಅಂಥ ಒಂದು ರಾತ್ರಿ ಪೆಟ್ಟಿಗೆ ಬಿಚ್ಚುವಾಗ ಉಪ್ಪಿನಕಾಯಿ ಭರಣಿಯ ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಭಾರದ್ದು ಸಿಕ್ಕಿತು. ತೊಟ್ಟಿಲಿನ ಸ್ಪ್ರಿಂಗು, ಕೊಕ್ಕೆ ಸಮೇತ. ಅತ್ತೆಗೆ ವಿಡಿಯೊ ಕಾಲ್ ಮಾಡಿದೆ. "ಅಲ್ಲಿ ಮಾಡಿನ ಮರ ಉಂಟಲ್ವಾ?" ಅಂತ ಕೇಳಿದರು.