ಮ.ಸಾ.ಅ.: ಮೊದಲು ಕಳೆಯಿರಿ, ಆಮೇಲೆ ಒಡೆಯಿರಿ

6, 7ನೇ ತರಗತಿಗೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಹೇಳಿಕೊಡುವವರಿಗೆ: ಎರಡೂ ಸಂಖ್ಯೆಗಳನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವ ಮೊದಲು, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಲು ಹೇಳಿ. ಆ ವ್ಯತ್ಯಾಸವನ್ನಷ್ಟೇ ಒಡೆದರೆ ಸಾಕು. 84 ಅಚ್ಚು ಬೆಲ್ಲ, 96 ರಸಬಾಳೆ ಇವೆ. ಏನೂ ಉಳಿಯದ ಹಾಗೆ ಒಂದೇ ಥರದ ಪೊಟ್ಟಣ ಹೆಚ್ಚೆಂದರೆ ಎಷ್ಟು ಕಟ್ಟಬಹುದು? ವ್ಯತ್ಯಾಸ 12. ಅದು ಎರಡನ್ನೂ ಭಾಗಿಸುತ್ತದೆ, ಮುಗೀತು. 12 ಪೊಟ್ಟಣ, ಒಂದೊಂದರಲ್ಲಿ 7 ಅಚ್ಚು, 8 ಹಣ್ಣು. (ಈಗ 96 ನಂಜನಗೂಡು ರಸಬಾಳೆ ಎಲ್ಲಿ ಸಿಗುತ್ತೆ ಅಂತ ಕೇಳಬೇಡಿ!) ಕಾರಣ ಸರಳ. ಒಂದು ಸಂಖ್ಯೆ ಎರಡರಲ್ಲೂ ಶೇಷವಿಲ್ಲದೆ ಹೋಗುತ್ತದೆ ಅಂದರೆ, ಅವುಗಳ ನಡುವಿನ ಅಂತರದಲ್ಲೂ ಹೋಗಲೇಬೇಕು ಅಲ್ವಾ? ಸುಮಾರು 2,300 ವರ್ಷ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಹಿಡಿದ ದಾರಿಯೂ ಇದೇ. ಆದರೆ ವ್ಯತ್ಯಾಸವೇ ಉತ್ತರ ಅಂತ ಮಕ್ಕಳು ಸುಮ್ನೆ ಬರೆದುಬಿಡುತ್ತಾರೆ, ಅಲ್ಲಿ ಹುಷಾರು. 84, 102 ಕೊಟ್ಟು ನೋಡಿ. ವ್ಯತ್ಯಾಸ 18, ಅಂದರೆ 2×3×3. 84ರಲ್ಲಿ 2 ಹೋಗುತ್ತದೆ, 3 ಒಂದೇ ಸಲ ಹೋಗುತ್ತದೆ. ಹಾಗಾಗಿ ಉತ್ತರ 6. ಈ ಒಂದು ಲೆಕ್ಕ ಮಾಡಿಸದೆ ಮುಂದೆ ಹೋಗಬೇಡಿ. 12 ಮತ್ತು 500ರಂಥ ಜೋಡಿಗೆ ಇದು ದಂಡ. ವ್ಯತ್ಯಾಸ 488 ಬರುತ್ತದೆ, ಅದರ ಬದಲು 12ನ್ನೇ ಒಡೆಯುವುದು ಸುಲಭ. ಪರೀಕ್ಷೆಯಲ್ಲಿ ‘ಅವಿಭಾಜ್ಯ ಅಪವರ್ತನ ಕ್ರಮದಿಂದ’ ಅಂತ ಕೇಳಿದ್ದರೆ ಎರಡನ್ನೂ ಪೂರ್ತಿ ಒಡೆದೇ ತೋರಿಸಬೇಕು. ಆಗ ಇದನ್ನು ಉತ್ತರ ತಾಳೆ ನೋಡಲು ಇಟ್ಟುಕೊಳ್ಳಲಿ.