ಇಲ್ಯಾ ದ ಮೊಸಾಂಬಿಕ್: ದ್ವೀಪ ನೋಡಲು ಹೋದವರು ಎದುರಿನ ದಡಕ್ಕೂ ಹೋಗಿ

ಮೊಜಾಂಬಿಕ್‌ಗೆ ಹೋಗಿದ್ದೆ ಅಂದರೆ ಸಾಕು, ಸಿಂಹ ನೋಡಿದ್ರಾ ಅಂತ ಕೇಳುತ್ತಾರೆ. ಇಲ್ಲ, ಒಂದೂ ನೋಡಲಿಲ್ಲ. ನಾನು ಹೋಗಿದ್ದು ಆ ದೇಶದ ಉತ್ತರ ಕರಾವಳಿಗೆ, ದೇಶಕ್ಕೇ ಹೆಸರು ಕೊಟ್ಟ ಪುಟ್ಟ ದ್ವೀಪಕ್ಕೆ. ಅಲ್ಲಿಯವರು ಸುಮ್ನೆ ‘ಇಲ್ಯಾ’ ಅನ್ನುತ್ತಾರೆ. ಉದ್ದ ಸುಮಾರು 3 ಕಿಲೋಮೀಟರ್, ಅಗಲ ಅರ್ಧ ಕಿಲೋಮೀಟರ್ ದಾಟುವುದಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ದಾರಿಯಲ್ಲಿ ಇಲ್ಲಿ ಲಂಗರು ಹಾಕಿದ್ದ. ಅದಕ್ಕೂ ಮೊದಲೇ ಇದು ಅರಬ್ ಮತ್ತು ಸ್ವಾಹಿಲಿ ವ್ಯಾಪಾರಿಗಳ ಬಂದರು. 1898ರವರೆಗೆ ಪೋರ್ಚುಗೀಸ್ ಪೂರ್ವ ಆಫ್ರಿಕಾದ ರಾಜಧಾನಿ. 1991ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ನನಗೆ ಹೋಗಬೇಕು ಅನ್ನಿಸಿದ್ದಕ್ಕೆ ಕಾರಣ ಬೇರೆ. ನಮ್ಮೂರು ಯಲ್ಲಾಪುರದ ಹತ್ತಿರ. ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವರು ಸಿದ್ದಿ ಮಕ್ಕಳು. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಮಾಡಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು ಅಂತ ನಾನು ದೊಡ್ಡವನಾದ ಮೇಲೆ ಓದಿದ್ದು. ಗೋವಾಕ್ಕೆ ಹಾಗೆ ಬಂದವರಲ್ಲಿ ಮೊಜಾಂಬಿಕ್ ಕಡೆಯವರು ಬಹಳ. ಹಡಗು ಹೊರಟ ಆ ಕಡೆಯ ದಡ ಹೇಗಿದೆ ಅಂತ ನೋಡಬೇಕಿತ್ತು, ಅಷ್ಟೇ.

ಹೋಗುವ ದಾರಿ ಹೇಳಿಬಿಡುತ್ತೇನೆ. ಜೋಹಾನ್ಸ್‌ಬರ್ಗ್ ಮೇಲೆ ನಂಪುಲಾಕ್ಕೆ ವಿಮಾನ, ಅಲ್ಲಿಂದ ರಸ್ತೆ. ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕು, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಮಲೇರಿಯಾ ಮಾತ್ರೆ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೊರಡಿ, ಇದರಲ್ಲಿ ಉದಾಸೀನ ಬೇಡ. ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋದರೆ ಒಣ ಹವೆ. ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ. 2022ರ ಮಾರ್ಚ್‌ನಲ್ಲಿ ಗೊಂಬೆ ಅನ್ನುವ ಚಂಡಮಾರುತ ದ್ವೀಪದ ಎದುರಿನ ಮೊಸ್ಸುರಿಲ್ ಕೊಲ್ಲಿಯ ಸುತ್ತ ಹೊಡೆದು ಸಾವಿರಾರು ಮನೆ ಕೆಡವಿತು. ಹೆಸರು ಕೇಳಿ ನಗಬೇಡಿ.

ನಂಪುಲಾದಲ್ಲಿ ‘ಶಾಪಾ’ ಹತ್ತಿದೆ. ಮಿನಿ ಬಸ್ಸು ಅನ್ನಿ. ಹೊರಡುವ ಸಮಯ ಅಂತ ಏನೂ ಇಲ್ಲ, ತುಂಬಿದ ಮೇಲೆ ಹೊರಡುತ್ತದೆ, ತುಂಬಿತು ಅಂತ ನಾವು ಅಂದುಕೊಂಡ ಮೇಲೂ ಇನ್ನು ನಾಲ್ಕು ಜನ, ಎರಡು ಕೋಳಿ, ಒಂದು ಗೋಣಿಚೀಲ ಒಳಗೆ ಬರುತ್ತವೆ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಸುತ್ತ ಬಯಲು, ನಡುನಡುವೆ ನೆಲದಿಂದ ಸೀದಾ ಎದ್ದ ಬೋಳು ಕಲ್ಲುಬೆಟ್ಟಗಳು. ಮೊನಾಪೊ ದಾಟಿದ ಮೇಲೆ ಗೇರುಮರ ಜಾಸ್ತಿ. ಬ್ರೆಜಿಲ್‌ನಿಂದ ಗೇರು ತಂದು ಗೋವಾದಲ್ಲೂ ಇಲ್ಲೂ ನೆಟ್ಟವರು ಒಬ್ಬರೇ, ಅದೇ ಪೋರ್ಚುಗೀಸರು. ಈಗ ಇಲ್ಲಿಯ ಹಸಿ ಗೇರುಬೀಜ ಸುಲಿಯಲು ಭಾರತಕ್ಕೆ ಬರುತ್ತದೆ. ಮಂಗಳೂರಿನ ಕಾರ್ಖಾನೆಗಳಿಗೆ ಆಫ್ರಿಕಾದ ಬೀಜ ಹೊಸದೇನಲ್ಲ.

ಲುಂಬೊ ಹತ್ತಿರ ಬರುವಾಗ ಉಪ್ಪಿನ ಗದ್ದೆಗಳು. ಕಿಟಕಿಯಲ್ಲಿ ನೋಡಿದವನಿಗೆ ಒಂದು ಗಳಿಗೆ ಸಾಣಿಕಟ್ಟೆಗೇ ಬಂದ ಹಾಗಾಯಿತು. ಆಮೇಲೆ ಸೇತುವೆ. ಮೂರು ಕಿಲೋಮೀಟರಿಗೂ ಉದ್ದ, ಆದರೆ ಒಂದೇ ಗಾಡಿಯ ಅಗಲ. ಎದುರಿನಿಂದ ಗಾಡಿ ಬಂದರೆ ಅಲ್ಲಲ್ಲಿ ಬಿಟ್ಟ ಜಾಗದಲ್ಲಿ ನಿಂತು ದಾರಿ ಬಿಡಬೇಕು. ಎರಡೂ ಕಡೆ ನೀಲಿ ನೀರು, ಮೊಣಕಾಲುದ್ದದ ನೀರಿನಲ್ಲಿ ಚಿಪ್ಪು ಆರಿಸುವ ಹೆಂಗಸರು.

ದ್ವೀಪದ ಉತ್ತರ ಭಾಗ ಕಲ್ಲಿನ ಊರು, ದಕ್ಷಿಣ ಭಾಗ ಮಕೂತಿ. ಮಕೂತಿ ಅಂದರೆ ತೆಂಗಿನ ಗರಿಯ ಹೊದಿಕೆ, ಆ ಮನೆಗಳಿರುವ ಕೇರಿಗೂ ಅದೇ ಹೆಸರು. ಪ್ರವಾಸಿಗರು ಹೆಚ್ಚಾಗಿ ಕಲ್ಲಿನ ಊರಲ್ಲೇ ಸುತ್ತಿ, ಫೋಟೋ ಹೊಡೆದು, ಸಂಜೆ ವಾಪಸ್ ಹೋಗುತ್ತಾರೆ. ಹಾಗೆ ಮಾಡಿದರೆ ಅರ್ಧವೂ ನೋಡಿದ ಹಾಗಲ್ಲ.

ಮಕೂತಿಗೆ ಕಾಲಿಟ್ಟ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ರಸ್ತೆ ಮೇಲಿದೆ, ಮನೆಗಳು ಕೆಳಗಿವೆ. ರಸ್ತೆಯಲ್ಲಿ ನಿಂತರೆ ಪಕ್ಕದ ಮನೆಯ ಮಾಡು ನಮ್ಮ ಎದೆಮಟ್ಟಕ್ಕೆ ಸಿಗುತ್ತದೆ, ಓಣಿಗೆ ಹೋಗಬೇಕಾದರೆ ಮೆಟ್ಟಿಲು ಇಳಿಯಬೇಕು. ಕಾರಣ ಸರಳ. ಆ ಕಡೆಯ ಅರಮನೆ, ಚರ್ಚು, ಗೋದಾಮುಗಳಿಗೆ ಹವಳದ ಕಲ್ಲು ಕಡಿದು ತೆಗೆದದ್ದು ಇಲ್ಲಿಂದ. ಕಲ್ಲು ಹೋದ ಗುಂಡಿಯಲ್ಲಿ ಕಲ್ಲು ಹೊತ್ತವರ ಮನೆಗಳು ಎದ್ದವು. ಇವತ್ತಿಗೂ ದ್ವೀಪದ ಜನರಲ್ಲಿ ಹೆಚ್ಚಿನವರು ಇರುವುದು ಇಲ್ಲೇ. ಮಳೆ ಬಂದರೆ ನೀರೆಲ್ಲ ಎಲ್ಲಿ ನಿಲ್ಲುತ್ತದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಹಾಗಂತ ಕಲ್ಲಿನ ಊರು ಬಿಡಬೇಡಿ. ಉತ್ತರದ ತುದಿಯಲ್ಲಿ ಸಾವ್ ಸೆಬಾಸ್ತಿಯಾವ್ ಕೋಟೆ. 1558ರಲ್ಲಿ ಕಟ್ಟಲು ಶುರು ಮಾಡಿದ್ದು. 1607 ಮತ್ತು 1608ರಲ್ಲಿ ಡಚ್ಚರು ಮುತ್ತಿಗೆ ಹಾಕಿದರೂ ಕೋಟೆ ಬೀಳಲಿಲ್ಲ. ಗೋಡೆ, ಫಿರಂಗಿಗಿಂತ ನನಗೆ ಹಿಡಿಸಿದ್ದು ನೀರಿನ ವ್ಯವಸ್ಥೆ. ದ್ವೀಪದಲ್ಲಿ ಸಿಹಿನೀರಿನ ಹೊಳೆ ಇಲ್ಲ. ಕೋಟೆಯ ಮಾಳಿಗೆ, ಅಂಗಳಗಳ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ದೊಡ್ಡ ತೊಟ್ಟಿಗೆ ಸೇರುತ್ತದೆ. ಕೋಟೆ ಸೋಲದೆ ನಿಂತದ್ದು ಈ ತೊಟ್ಟಿಯ ದೆಸೆಯಿಂದ ಅಂತ ನನ್ನ ಲೆಕ್ಕ. ಹೊರಗೆ, ತೀರಾ ತುದಿಯಲ್ಲಿ, 1522ರ ಒಂದು ಸಣ್ಣ ಪ್ರಾರ್ಥನಾ ಮಂದಿರ ಇದೆ. ದಕ್ಷಿಣ ಗೋಲಾರ್ಧದಲ್ಲಿ ಉಳಿದಿರುವ ಅತಿ ಹಳೆಯ ಯುರೋಪಿಯನ್ ಕಟ್ಟಡ ಇದೇ ಅನ್ನುತ್ತಾರೆ.

ಹಳೆಯ ಅರಮನೆ ಈಗ ಮ್ಯೂಸಿಯಂ. ಒಳಗೆ ಗೋವಾ ಕಡೆಯ ಕೆತ್ತನೆಯ ಮಂಚ, ಕುರ್ಚಿ, ಪೆಟ್ಟಿಗೆಗಳು. ಆಶ್ಚರ್ಯ ಏನಿಲ್ಲ, 1752ರವರೆಗೆ ಈ ಕರಾವಳಿಯ ಆಡಳಿತ ನಡೆದದ್ದೇ ಗೋವಾದಿಂದ. ದಿಯುವಿನ ಗುಜರಾತಿ ವರ್ತಕರು ಇಲ್ಲಿ ಬಟ್ಟೆ ಮಾರಿ ದಂತ ಕೊಳ್ಳುತ್ತಿದ್ದರು. ಅವರ ಹಿಂದೂ ದೇವಸ್ಥಾನ ಒಂದು ಊರಲ್ಲಿ ಇನ್ನೂ ಇದೆ. ಬೀದಿಯಲ್ಲಿ ಸಿಗುವ ತಿಂಡಿ ಬಜಿಯಾ, ಶಮುಸಾ, ಆಪಾ. ಬಾಯಿಗಿಟ್ಟರೆ ಭಜಿ, ಸಮೋಸ, ಚಪಾತಿ. ಸಿರಿ ಸಿರಿ ಅನ್ನುವ ಸೊಪ್ಪನ್ನು ತೆಂಗಿನಹಾಲು, ಗೇರುಬೀಜ ಹಾಕಿ ಬೇಯಿಸುವ ಮತಾಪಾ ಸಿಕ್ಕರೆ ಬಿಡಬೇಡಿ. ಸೊಪ್ಪಿಗೇ ಉಪ್ಪಿನ ರುಚಿ. ಅನ್ನಕ್ಕೆ ಕಲಸಿಕೊಂಡೆ, ಇನ್ನೊಂದು ಸಲ ಬಡಿಸಿಕೊಂಡೆ.

ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿ ಬೆಳಿಗ್ಗೆ ಮುಸ್ಸಿರೊ ಹಚ್ಚುತ್ತಿದ್ದರು. ಒಂದು ಗೇಣಿನ ಕಟ್ಟಿಗೆ ತುಂಡು, ಒಂದು ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಕಟ್ಟಿಗೆಯನ್ನು ಗುಂಡಗೆ ತೇಯುತ್ತಾ ಹೋದರೆ ಬಿಳಿ ಗಂಧ ಬರುತ್ತದೆ. ಅದನ್ನು ಬೆರಳಲ್ಲಿ ಬಳಿದು ಹಣೆಯಿಂದ ಗಲ್ಲದವರೆಗೆ ಹಚ್ಚಿಕೊಂಡು, ಒಣಗಲು ಬಿಟ್ಟು, ಅದೇ ಮುಖದಲ್ಲಿ ಮಾರ್ಕೆಟ್ಟಿಗೆ ಹೋಗಿಬರುತ್ತಾರೆ. ಇಲ್ಲಿಯ ಮಕುವಾ ಜನಾಂಗದ ಹೆಂಗಸರ ಚರ್ಮದ ಆರೈಕೆ ಅದು, ಪ್ರವಾಸಿಗರಿಗೆ ತೋರಿಸುವ ವೇಷ ಅಲ್ಲ. ಫೋಟೋ ಬೇಕಾದರೆ ಮೊದಲು ‘ಸಲಾಮಾ’ ಅಂತ ಮಾತಾಡಿಸಿ, ಆಮೇಲೆ ಕೇಳಿ. ಇಂಗ್ಲಿಷ್ ನಡೆಯುವುದು ಕಡಿಮೆ, ನಾಲ್ಕು ಮಾತು ಪೋರ್ಚುಗೀಸ್ ಕಲಿತು ಹೋಗಿ.

ಈಗ ಎದುರಿನ ದಡ. ಮೊಸ್ಸುರಿಲ್ ಕೊಲ್ಲಿಯ ಆಚೆ ಕಬಸೈರಾ ಪೆಕೆನಾ, ಕಬಸೈರಾ ಗ್ರಾಂಡೆ ಅಂತ ಎರಡು ಊರು. ಹಾಯಿದೋಣಿಯಲ್ಲಿ ಹೋಗಬೇಕು, ಹೊರಡುವ ಹೊತ್ತನ್ನು ನೀರಿನ ಏರಿಳಿತ ತೀರ್ಮಾನಿಸುತ್ತದೆ. ದಡದ ತನಕ ದೋಣಿ ಹೋಗುವುದಿಲ್ಲ. ಇಳಿದು ನೀರಿನಲ್ಲಿ ನಡೆಯಬೇಕು, ತಳದಲ್ಲಿ ಮುಳ್ಳಿನ ಕಡಲಜೀವಿಗಳಿರುತ್ತವೆ, ಚಪ್ಪಲಿ ಕಾಲಲ್ಲೇ ಇರಲಿ. ನಾನು ಮಾತಾಡಿದ ಮೊದಲ ದೋಣಿಯವನ ಹತ್ತಿರ ಲೈಫ್ ಜಾಕೆಟ್ ಇರಲಿಲ್ಲ, ಬೇರೆಯವನನ್ನು ಹುಡುಕಿದೆ. 2024ರ ಏಪ್ರಿಲ್‌ನಲ್ಲಿ ಲುಂಗಾದಿಂದ ದ್ವೀಪಕ್ಕೆ ಹೊರಟ ದೋಣಿ ಮುಳುಗಿ 90ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಜನ ಕಿಕ್ಕಿರಿದಿದ್ದ ಮೀನುಗಾರಿಕೆ ದೋಣಿ ಅದು. ಹಾಗಾಗಿ ಚೌಕಾಸಿಯನ್ನು ಬೇರೆ ಎಲ್ಲಾದರೂ ಮಾಡಿ.

ಕಬಸೈರಾ ಗ್ರಾಂಡೆಯಲ್ಲಿ 1579ರ ಬಿಳಿ ಚರ್ಚು ಇದೆ, ಸುತ್ತ ತೆಂಗು, ಗೇರು, ಮರಗೆಣಸಿನ ಹೊಲ. ದ್ವೀಪದಲ್ಲಿ ಬೆಳೆ ಇಲ್ಲ, ಊಟ ಬರಬೇಕಾದದ್ದು ಈ ದಡದಿಂದಲೇ. ಒಳನಾಡಿನಿಂದ ಹಿಡಿದು ತಂದವರು ಹಡಗು ಸೇರಿದ್ದೂ ಈ ಕೊಲ್ಲಿಯಲ್ಲೇ. ಗೋವಾಕ್ಕೆ ಹೋದವರು ಒಂದು ಪಾಲು, ಮಾರಿಷಸ್, ರಿಯೂನಿಯನ್, ಬ್ರೆಜಿಲ್‌ಗೆ ಹೋದವರು ಅದಕ್ಕಿಂತ ಜಾಸ್ತಿ. 1794ರಲ್ಲಿ ಇಲ್ಲಿಂದ ಬ್ರೆಜಿಲ್‌ಗೆ ಹೊರಟ ಸಾವ್ ಜೊಸೆ ಹಡಗು ಕೇಪ್‌ಟೌನ್ ಹತ್ತಿರ ಒಡೆಯಿತು, ಒಳಗಿದ್ದ ಗುಲಾಮರಲ್ಲಿ 200ಕ್ಕೂ ಹೆಚ್ಚು ಜನ ಮುಳುಗಿದರು. ಅದರ ಅವಶೇಷ ಗುರುತಿಸಿದ ಮೇಲೆ, 2015ರಲ್ಲಿ, ಮೊಸ್ಸುರಿಲ್‌ನ ಮಣ್ಣನ್ನು ಬುಟ್ಟಿಯಲ್ಲಿ ಒಯ್ದು ಆ ಜಾಗದ ನೀರಿಗೆ ಬಿಟ್ಟರು. ದ್ವೀಪದ ನುಣುಪು ಬೀದಿಯಲ್ಲಿ ಇದನ್ನೆಲ್ಲ ಓದಿದ್ದೆ. ಆದರೆ ಈ ದಡದಲ್ಲಿ ನಿಂತು ನೋಡಿದರೆ ದ್ವೀಪ ಎಷ್ಟು ಹತ್ತಿರ, ಕೋಟೆ ಹೇಗೆ ಕಣ್ಣಿಗೆ ಹೊಡೆಯುತ್ತದೆ ಅಂತ ಗೊತ್ತಾಗುತ್ತದೆ.

ಆಮೇಲೆ ನಕಾಲಾಕ್ಕೆ ಹೋದೆ. ಊರಲ್ಲಿ ನೋಡುವಂಥದ್ದು ಕಡಿಮೆ, ಈಜಬೇಕಾದರೆ ಪಕ್ಕದ ಫೆರ್ನಾವ್ ವೆಲೋಸೊ ಕಡಲತೀರ ಚೆನ್ನಾಗಿದೆ. ಬಂದರು ಮಾತ್ರ ಭಾರಿ ಆಳ, ಭಾರಿ ದೊಡ್ಡದು. ನಮ್ಮ ಕಲಬುರಗಿಯ ರೈತರು ತೊಗರಿ ಆಮದು ಅಂತ ಬೈಯುತ್ತಾರಲ್ಲ, ಅದರಲ್ಲಿ ದೊಡ್ಡ ಪಾಲು ಹಡಗು ಹತ್ತುವುದು ಇಲ್ಲೇ. 2016ರಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಏರಿಸುವ ಮಾತಿತ್ತು. ಚಹಾದಂಗಡಿಯಲ್ಲಿ ಒಬ್ಬ ಲಾರಿಯವನು ನಾನು ಭಾರತದವನು ಅಂತ ತಿಳಿದು ಕೇಳಿದ ಮೊದಲ ಪ್ರಶ್ನೆಯೇ ಈ ಸಲ ತೊಗರಿ ರೇಟು ಎಷ್ಟು ಅಂತ.

ಇನ್ನೂ ಉತ್ತರಕ್ಕೆ ಪೆಂಬಾ, ಇಬೊ ದ್ವೀಪ ಇವೆ. ಆಸೆ ಇತ್ತು, ಹೋಗಲಿಲ್ಲ. ಅವು ಇರುವ ಕಾಬೊ ದೆಲ್ಗಾದೊ ಪ್ರಾಂತ್ಯದಲ್ಲಿ 2017ರ ಅಕ್ಟೋಬರ್‌ನಿಂದ ಸಶಸ್ತ್ರ ದಾಳಿಗಳು ನಡೆದಿವೆ, 2022ರಲ್ಲಿ ನಂಪುಲಾ ಪ್ರಾಂತ್ಯದ ಉತ್ತರ ಅಂಚಿಗೂ ಬಂದಿದ್ದವು. ಟಿಕೆಟ್ ಮಾಡುವ ಮುಂಚೆ ಭಾರತೀಯ ಹೈಕಮಿಷನ್‌ನ ಸೂಚನೆ ನೋಡಿ. ಅಲ್ಲಿಯ ಹಣ ಮೆತಿಕಾಲ್, ನಗದು ನಂಪುಲಾದಲ್ಲೇ ತೆಗೆದಿಟ್ಟುಕೊಳ್ಳಿ. ದಡದಲ್ಲಿ ಮಕ್ಕಳು ಹಳೆಯ ಹಡಗಿನ ಮಣಿ, ಬಣ್ಣದ ಚಿಪ್ಪು ಹಿಡಿದು ಬೆನ್ನು ಹತ್ತುತ್ತಾರೆ. ಕೊಳ್ಳಬೇಡಿ, ಆಪಾ ಕೊಡಿಸಿ.